ಗಿಟಾರ್ ಗುಂಯ್ ಅನ್ನುತ್ತಿದೆಯಾ? ಕೇಬಲ್ಲಿನ ಕಿಲುಬು ನೋಡಿ

ಮಳೆಗಾಲ ಮುಗಿದ ಮೇಲೆ ಮೊದಲ ಸಲ ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಪೆಟ್ಟಿಗೆ) ಹಚ್ಚಿದಾಗ ಕಾರವಾರದ ಗಿಟಾರಿನವರಿಗೆ ಕೇಳುವುದು ಹಾಡಲ್ಲ, ಜೇನುಗೂಡು. ನಾಲ್ಕು ತಿಂಗಳು ಮೊಳೆಗೆ ನೇತುಬಿದ್ದ ಕೇಬಲ್ಲು ಸಮುದ್ರದ ಉಪ್ಪುಗಾಳಿ ಕುಡಿದಿರುತ್ತದೆ. ಹಾಗಂತ ಸೀದಾ ಅಂಗಡಿಗೆ ಓಡಬೇಡಿ. ನಾನು ಓಡಿದ್ದೆ, ದುಬಾರಿ ಕೇಬಲ್ಲನ್ನೇ ತಂದೆ, ಗುಂಯ್ ಹಾಗೇ ಇತ್ತು, ಯಾಕಂದರೆ ಕಾಟ ಕೊಡುತ್ತಿದ್ದದ್ದು ಆಂಪ್ ಪಕ್ಕದಲ್ಲೇ ಇದ್ದ ಫೋನ್ ಚಾರ್ಜರ್.

ಹಾಗಾಗಿ ಮೊದಲು ಕಳ್ಳನನ್ನು ಹುಡುಕಿ. ಕೇಬಲ್ ಕಿತ್ತು ಬರೀ ಆಂಪ್ ಹಚ್ಚಿ. ಆಗಲೂ ಜೋರಾಗಿ ಗುಂಯ್ ಅಂದರೆ ತೊಂದರೆ ಆಂಪಿನಲ್ಲೋ ಕರೆಂಟಿನಲ್ಲೋ ಇದೆ. ಈಗ ಗಿಟಾರ್ ಸಿಕ್ಕಿಸಿ ಅದರ ವಾಲ್ಯೂಮ್ ಸೊನ್ನೆಗೆ ತನ್ನಿ. ಸದ್ದು ನಿಂತರೆ ಅದು ಬರುತ್ತಿದ್ದದ್ದು ಪಿಕಪ್ (ತಂತಿಯ ಕೆಳಗೆ ಕೂತು ಅದರ ಅದುರು ಹಿಡಿಯುವ ಸುರುಳಿ) ಕಡೆಯಿಂದ, ನಿಲ್ಲದಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ. ವಾಲ್ಯೂಮ್ ಏರಿಸಿ ಕೂತಲ್ಲೇ ತಿರುಗಿದಾಗ ಸದ್ದು ಹೆಚ್ಚುಕಡಿಮೆ ಆಗುತ್ತದಾ? ಅದು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ಪಿನ ಹುಟ್ಟುಗುಣ. ನಮ್ಮ ಮನೆ ಕರೆಂಟು 50 ಹರ್ಟ್ಸ್‌ನದು, ಅದನ್ನು ಪಿಕಪ್ಪಿನ ಸುರುಳಿ ಆಂಟೆನಾ ಥರ ಹಿಡಿಯುತ್ತದೆ. ಇದಕ್ಕೇ 1955ರಲ್ಲಿ ಗಿಬ್ಸನ್ ಕಂಪನಿಯ ಸೇಥ್ ಲವರ್ ಎರಡು ಸುರುಳಿ ಜೋಡಿಸಿ ಗುಂಯ್ ಅಡಗಿಸುವ ಹಂಬಕರ್ ಪಿಕಪ್ ಮಾಡಿದ್ದು. ತಂತಿ ಮುಟ್ಟಿದರೆ ಗುಂಯ್ ಕಡಿಮೆ ಆಗುವುದೂ ಮಾಮೂಲಿ, ಹೆದರಬೇಡಿ.

ಅನುಮಾನ ಕೇಬಲ್ ಮೇಲೇ ಬಂತಾ? ಮಲ್ಟಿಮೀಟರನ್ನು (ಕರೆಂಟು ಅಳೆಯುವ ಮೀಟರು) ಬೀಪ್‌ಗೆ ಇಡಿ. ಈ ಕಡೆ ಪಿನ್ನಿನ ತುದಿಯಿಂದ ಆ ಕಡೆ ತುದಿಗೆ ಬೀಪ್ ಬರಬೇಕು, ಹೊರಮೈಯಿಂದ ಹೊರಮೈಗೂ ಬರಬೇಕು, ತುದಿಗೂ ಹೊರಮೈಗೂ ಮಧ್ಯೆ ಬರಬಾರದು. ಕೇಬಲ್ ಅಲುಗಾಡಿಸುತ್ತಾ ನೋಡಿ, ಸುಮ್ನೆ ಇಟ್ಟಾಗ ಎಲ್ಲಾ ಸರಿಯೇ ಕಾಣುತ್ತದೆ. ಹೊರಗಿನ ಹೆಣಿಗೆ ತಂತಿಯೇ ಕೇಬಲ್ಲಿನ ಕೊಡೆ. ಅದರ ಬೆಸುಗೆ ಬಿಟ್ಟರೆ ಊರಿನ ಗುಂಯ್ ಎಲ್ಲಾ ಒಳಗೆ ನೆನೆದುಕೊಂಡು ಬರುತ್ತದೆ.

ಪಿನ್ ಮುಚ್ಚಳ ತಿರುಗಿಸಿ ತೆಗೆಯಿರಿ. ತಾಮ್ರ ಹಸಿರಾಗಿದ್ದರೆ ಅದು ಕಿಲುಬು, ಅದರ ಮೇಲೆ ಬೆಸುಗೆ ಕೂರುವುದಿಲ್ಲ. ಎರಡು ಮೂರು ಇಂಚು ಕತ್ತರಿಸಿ, ತಾಮ್ರ ಕೆಂಪಾಗಿ ಹೊಳೆಯುವ ತನಕ. ಜಿಪುಣತನ ಬೇಡ. ಈಗ ಬಹಳ ಜನ ಎಡವುವ ಜಾಗ: ಎಷ್ಟೋ ಕೇಬಲ್ಲುಗಳಲ್ಲಿ ಹೆಣಿಗೆಯ ಕೆಳಗೆ ಕಪ್ಪು ಪ್ಲಾಸ್ಟಿಕ್ಕಿನ ಇನ್ನೊಂದು ತೆಳು ಪದರ ಇರುತ್ತದೆ, ನೋಡಲು ಬರೀ ಹೊದಿಕೆ, ಆದರೆ ಕರೆಂಟು ಹರಿಸುತ್ತದೆ, ಕೇಬಲ್ ತುಳಿದಾಗ ಬರುವ ಟಪಟಪ ಸದ್ದು ಕಡಿಮೆ ಮಾಡಲು ಹಾಕಿದ್ದು. ಅದನ್ನು ಹಿಂದಕ್ಕೆ ಸುಲಿಯದೇ ನಡುವಿನ ತಂತಿ ಬೆಸೆದರೆ ಸಿಗ್ನಲ್ ಸೋರಿ ಗಿಟಾರಿನ ಧ್ವನಿ ಬಡಕಲಾಗುತ್ತದೆ. ನಡುತಂತಿ ತುದಿಗೆ, ಹೆಣಿಗೆ ಹೊರಮೈಗೆ. ರೋಸಿನ್ (ಮರದ ಅಂಟು) ಇರುವ ಬೆಸುಗೆ ಸೀಸವನ್ನೇ ಬಳಸಿ, ಪಾತ್ರೆ ಬೆಸೆಯುವವರ ಆ್ಯಸಿಡ್ ಹತ್ತಿರವೂ ತರಬೇಡಿ. ಪಿನ್ನೇ ತುಕ್ಕು ಹಿಡಿದಿದ್ದರೆ ಅಂಗಡಿಯಲ್ಲಿ ಪಿ-38 ಮೋನೋ ಅಂತ ಕೇಳಿ, ಅದೇ 6.35 ಮಿಲಿಮೀಟರಿನದು. ಲೋಹದ ಮುಚ್ಚಳದ್ದೇ ಆಗಲಿ.

ಹೊಸದು ತರುವುದೇ ಆದರೆ ಮನೆಗೆ 3 ಮೀಟರ್ ಸಾಕು. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಹಿಡಿದಿಡುವ ಗುಣ, ಕೂಡುತ್ತಾ ಹೋಗುತ್ತದೆ, 10 ಮೀಟರ್ ಆಗುವಷ್ಟರಲ್ಲಿ ಧ್ವನಿ ಮಂಕು. ಸ್ಪೀಕರ್ ವಯರನ್ನು ಗಿಟಾರಿಗೆ ಹಾಕಬೇಡಿ, ಅದಕ್ಕೆ ಕೊಡೆಯೇ ಇಲ್ಲ.

ಗಣಪತಿ ಪೆಂಡಾಲಿನಲ್ಲಾದರೆ ಲೈಟಿನ ಡಿಮ್ಮರಿನಿಂದ ದೂರ ನಿಲ್ಲಿ. ಕರೆಂಟಿನ ವಯರ್ ದಾಟಲೇಬೇಕಾದರೆ ಅಡ್ಡಕ್ಕೆ ದಾಟಿಸಿ, ಉದ್ದಕ್ಕೂ ಜೋಡಿ ಓಡಿಸಬೇಡಿ. ಕಾಲಲ್ಲಿ ಒತ್ತುವ ಎಫೆಕ್ಟ್ ಪೆಡಲ್, ಆಂಪ್, ಲ್ಯಾಪ್‌ಟಾಪ್ ಬೇರೆಬೇರೆ ಸಾಕೆಟ್ಟಿನಲ್ಲಿದ್ದರೆ ಅವುಗಳ ಅರ್ಥ್ ತಂತಿಗಳು ಸೇರಿ ಸುತ್ತು ಹಾಕಿ ಗುಂಯ್ ಬರಬಹುದು, ಒಂದೇ ಬೋರ್ಡಿಗೆ ತನ್ನಿ.

ಆಂಪಿನ ಕರೆಂಟ್ ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ಥ್ ಪಿನ್, ಮುರಿದರೆ ಸದ್ದು ಹೋಗುತ್ತೆ ಅಂತ ಯಾರಾದರೂ ಹೇಳುತ್ತಾರೆ. ಹೋಗಲೂಬಹುದು. ಆದರೆ ಆಂಪ್ ಒಳಗೆ ಏನಾದರೂ ಕೆಟ್ಟ ದಿನ 230 ವೋಲ್ಟ್ ನಿಮ್ಮ ಗಿಟಾರಿನ ತಂತಿಗೇ ಬರಬಹುದು, ಅದೂ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಾಗ. ಆ ಪಿನ್ ಮಾತ್ರ ಮುಟ್ಟಲೇಬೇಡಿ. ಅರ್ಥ್ ಸುತ್ತು ಬಿಡಿಸಲೇಬೇಕಾದರೆ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್ಲಿನ ಅರ್ಥ್ ಬಿಡಿಸುವ) ಗುಂಡಿ ಇರುವ ಡಿಐ ಬಾಕ್ಸ್, ಅಂದರೆ ಗಿಟಾರಿನ ಸಿಗ್ನಲ್ಲನ್ನು ಮಿಕ್ಸರಿಗೆ ಕೊಡುವ ಪೆಟ್ಟಿಗೆ, ಸಿಗುತ್ತದೆ.

ಜೂನ್ ಬರುವ ಮೊದಲು ಪಿನ್ನುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಕೇಬಲ್ಲನ್ನು ಸಡಿಲವಾಗಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ, ಆ ಸಿಲಿಕಾ ಪೊಟ್ಟಣ ಎರಡು ಜೊತೆಗಿರಲಿ. ಸಿರ್ಸಿಯವರಿಗೆ ಉಪ್ಪಿನ ಕಾಟವಿಲ್ಲ, ಆದರೆ ಅಲ್ಲಿಯ ಮಳೆಯ ತೇವಕ್ಕೂ ಡಬ್ಬಿ ಬೇಕೇ ಬೇಕು.