ಮನೆಯ ವ್ಯಾಯಾಮಕ್ಕೆ ಶೂ: ನಾನು ಯಾವಾಗ ಹಾಕುತ್ತೇನೆ, ಯಾವಾಗ ಬಿಡುತ್ತೇನೆ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವುದು ನನ್ನ ಕಸುಬು. ಮನೆಯ ಪಡಸಾಲೆಯಲ್ಲೇ ಯಂತ್ರಗಳಿವೆ. ದಿನವಿಡೀ ಕುಳಿತೇ ಕೆಲಸ. ಪೆಡಲ್ ಒತ್ತುವ ಪಾದ ಬಿಟ್ಟರೆ ಸೊಂಟದಿಂದ ಕೆಳಗೆ ಏನೂ ಅಲುಗಾಡುವುದಿಲ್ಲ. ಬೆನ್ನು ಬಿಗಿದುಕೊಳ್ಳಲು ಶುರುವಾದ ಮೇಲೆ ಬೆಳಗಿನ ಹೊತ್ತು ಮನೆಯಲ್ಲೇ ವ್ಯಾಯಾಮ ಮಾಡುವ ರೂಢಿ ಹಾಕಿಕೊಂಡೆ. ದಂಡ, ಬಸ್ಕಿ, ಸೂರ್ಯನಮಸ್ಕಾರ, ಒಂದಿಷ್ಟು ಡಂಬೆಲ್, ಮಾಳಿಗೆಯ ಮೇಲೆ ಸ್ಕಿಪ್ಪಿಂಗ್. ಈಗ ಅದಕ್ಕೆ ಕೆಲವು ವರ್ಷಗಳಾಗಿವೆ. ನನ್ನನ್ನು ನೋಡಿ ಓಣಿಯಲ್ಲಿ ಇನ್ನೂ ಕೆಲವರು ಆರಂಭಿಸಿದ್ದಾರೆ. ಅವರೆಲ್ಲ ಮೊದಲು ಕೇಳುವುದು ಒಂದೇ: ಮನೆಯೊಳಗೆ ಶೂ ಬೇಕೇ, ಬೇಡವೇ?

ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಬಲವಾದ ಉತ್ತರ ಮೊದಲೇ ಇತ್ತು. ಅಪ್ಪ ಗರಡಿಯಲ್ಲಿ ಪಳಗಿದವರು. ಅಲ್ಲಿ ಚಪ್ಪಲಿ ಬಾಗಿಲಾಚೆ ಬಿಟ್ಟು, ಮಣ್ಣಿಗೆ ನಮಸ್ಕರಿಸಿದ ಮೇಲೆಯೇ ಒಳಗೆ ಇಳಿಯಬೇಕು. ಬರಿಗಾಲಿನ ಸಾಮೇ ಸಾಮು ಎಂಬುದು ಅವರ ಮಾತು. ಅದನ್ನು ನಾನು ಗೌರವಿಸುತ್ತೇನೆ. ಆದರೆ ಗರಡಿಯ ಮಣ್ಣನ್ನು ಅಗೆದು, ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಹದ ಮಾಡಿರುತ್ತಾರೆ. ಪಾದ ಇಟ್ಟರೆ ಒಳಕ್ಕೆ ಇಳಿಯುತ್ತದೆ, ಬಿದ್ದವನ ಮೈಯನ್ನೂ ತಾಳಿಕೊಳ್ಳುತ್ತದೆ. ನಮ್ಮ ಪಡಸಾಲೆಗೆ ಹಾಸಿರುವುದು ನುಣುಪು ಟೈಲ್ಸ್, ಹಿಂದಿನ ಕೋಣೆಗೆ ಕಡಪ ಕಲ್ಲು, ಮಾಳಿಗೆಗೆ ಸಿಮೆಂಟ್. ಈ ಮೂರೂ ಕೂದಲೆಳೆಯಷ್ಟೂ ಬಗ್ಗುವುದಿಲ್ಲ. ಅಪ್ಪನ ನಿಯಮ ಅಪ್ಪನ ನೆಲಕ್ಕೆ ಸರಿಯಾಗಿತ್ತು.

ಅದೇ ಕುಸ್ತಿ ಮಣ್ಣು ಬಿಟ್ಟು ಮ್ಯಾಟ್ ಮೇಲೆ ಬಂದಾಗ ಪೈಲ್ವಾನರು ಶೂ ಕಟ್ಟಿಕೊಂಡರು. ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುತ್ತಿದ್ದ ಕಬಡ್ಡಿಯೂ ಮ್ಯಾಟ್ ಮೇಲೆ ಶೂ ಕಂಡಿತು. ನಮ್ಮದೇ ಜಿಲ್ಲೆಯಲ್ಲಿ, ತೋರಣಗಲ್ಲಿನ ಹತ್ತಿರ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ನಾಲ್ಕಕ್ಕೂ ತರಬೇತಿ ಇದೆ. ಜೂಡೊದವರು ಆಡುವುದು ಬರಿಗಾಲಲ್ಲಿ. ಬಾಕ್ಸಿಂಗ್‌ನವರದು ಕಣಕಾಲು ಬಿಗಿಯುವ ತೆಳು ಅಡಿಯ ಶೂ. ವೇಗದ ಓಟಗಾರರದು ಮುಳ್ಳಿನ ಶೂ. ಎಲ್ಲ ಕ್ರೀಡೆಗೂ ಒಂದೇ ನಿಯಮ ಇಲ್ಲದಿರುವಾಗ, ನನ್ನ ಮುಂಜಾನೆಯ ಹತ್ತಾರು ಬಗೆಯ ಚಲನೆಗೆ ಒಂದೇ ನಿಯಮ ಏಕಿರಬೇಕು? ಹಾಗೆ ಯೋಚಿಸಿದ ಮೇಲೆ ಒಂದೊಂದನ್ನೂ ಬೇರೆಬೇರೆಯಾಗಿ ಮಾಡಿ ನೋಡತೊಡಗಿದೆ.

ಬಸ್ಕಿಗೆ ನಾನು ಶೂ ಹಾಕುವುದಿಲ್ಲ. ಪಾದದಲ್ಲಿ 26 ಮೂಳೆಗಳಿವೆ. ಅವೆಲ್ಲ ಹರಡಿಕೊಂಡು ನೆಲ ಹಿಡಿದಾಗ ಸಿಗುವ ಸ್ಥಿರತೆಯೇ ಬೇರೆ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ, ಈ ಮೂರೂ ನೆಲ ಬಿಡದಂತೆ ಕೂತು ಏಳುತ್ತೇನೆ. ಬರಿಗಾಲಲ್ಲಿ ಹಿಮ್ಮಡಿ ಸ್ವಲ್ಪ ಎದ್ದರೂ ಆ ಕ್ಷಣದಲ್ಲೇ ಗೊತ್ತಾಗುತ್ತದೆ, ಮಂಡಿ ಒಳಕ್ಕೆ ವಾಲುವ ಮೊದಲು ಪಾದ ಒಳಕ್ಕೆ ವಾಲುವುದೂ ತಿಳಿಯುತ್ತದೆ. ದಪ್ಪ ಮೆತ್ತೆಯ ಓಟದ ಶೂ ಹಾಕಿಕೊಂಡರೆ ಇದು ಯಾವುದೂ ತಿಳಿಯದು. ಕೈಯಲ್ಲಿ ಭಾರ ಹಿಡಿದು ಕೂತರೆ ಆ ಮೆತ್ತೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕುಗ್ಗಿ ಕಣಕಾಲು ಅಲ್ಲಾಡುತ್ತದೆ.

ಬಹಳಷ್ಟು ಓಟದ ಶೂಗಳಲ್ಲಿ ಹಿಮ್ಮಡಿಯ ಭಾಗ ಮುಂಗಾಲಿಗಿಂತ 8ರಿಂದ 12 ಮಿ.ಮೀ. ಎತ್ತರವಿರುತ್ತದೆ. ಆ ಎತ್ತರವೇ ದೋಷ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ವೇಟ್‌ಲಿಫ್ಟಿಂಗ್ ಶೂಗಳಲ್ಲೂ ಹಿಮ್ಮಡಿ ಎತ್ತರವೇ ಇರುತ್ತದೆ, ಆದರೆ ಅಡಿ ಗಟ್ಟಿಯಾಗಿರುತ್ತದೆ. ತೊಂದರೆ ಇರುವುದು ಮೆತ್ತಗಿನ ಅಡಿಯಲ್ಲಿ. ಕಣಕಾಲು ಬಿಗಿಯಿದ್ದು ಪೂರ್ತಿ ಕೂರಲು ಬಾರದವರಿಗೆ ಹಿಮ್ಮಡಿಯ ಕೆಳಗೆ ತೆಳುವಾದ, ಅಲುಗಾಡದ ಹಲಗೆ ಇಡಲು ಹೇಳುತ್ತೇನೆ. ಇನ್ನು, ಡಂಬೆಲ್ ಕಾಲ ಮೇಲೆ ಬಿದ್ದರೆ ಶೂ ಕಾಯುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. 10 ಕೆ.ಜಿ. ಕಬ್ಬಿಣಕ್ಕೆ ಬಟ್ಟೆಯ ಶೂ ಅಡ್ಡಿಯೇ ಅಲ್ಲ. ಹಿಡಿತ ಗಟ್ಟಿಯಿರಬೇಕು, ಪಾದದ ನೇರಕ್ಕೆ ಭಾರ ಎತ್ತಬಾರದು.

ಸೂರ್ಯನಮಸ್ಕಾರ, ಆಸನಗಳಿಗೂ ಬರಿಗಾಲೇ. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಸ್ಕಿಪ್ಪಿಂಗ್‌ಗೆ ಮಾತ್ರ ಶೂ ಬೇಕೇ ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ನೆಲ ನಮಗೆ ಹಿಂದಿರುಗಿಸುವ ಏಟು ಮೈತೂಕದ ಎರಡರಿಂದ ಮೂರು ಪಟ್ಟು ಇರುತ್ತದೆ. ಹಗ್ಗ ತಿರುಗಿಸುತ್ತ ಒಂದೇ ಜಾಗದಲ್ಲಿ ಹಾರುವಾಗಲೂ ಏಟು ಸಣ್ಣದಲ್ಲ, ಅದೂ ಪ್ರತಿ ಸಲ ಮುಂಗಾಲಿನ ಅದೇ ಜಾಗಕ್ಕೆ. ಮಾಳಿಗೆಯ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಹಾರಿದ ದಿನಗಳಲ್ಲಿ ಬೆರಳುಗಳ ಬುಡ ಸಂಜೆಯವರೆಗೆ ಚುರುಗುಟ್ಟುತ್ತಿತ್ತು. ಪೆಡಲ್ ಒತ್ತಿದಾಗಲೆಲ್ಲ ಅದು ನೆನಪಾಗುತ್ತಿತ್ತು. ಹಗ್ಗ ತಪ್ಪಿದಾಗ ಹೆಬ್ಬೆರಳಿನ ಉಗುರಿಗೆ ಬಾರಿಸುವ ಪೆಟ್ಟು ಬೇರೆ. ಶೂ ಹಾಕಿದ ಮೇಲೆ ಎರಡೂ ನಿಂತವು. ಬಿಸಿಲಿನ ಮಾತೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಸೂರ್ಯ ಮುಳುಗಿದರೂ ಮಾಳಿಗೆಯ ಕಾವು ಬೇಗ ಇಳಿಯುವುದಿಲ್ಲ. ಆ ಎರಡು ತಿಂಗಳು ಸಂಜೆ ಬರಿಗಾಲಲ್ಲಿ ಮೇಲೆ ಹೋಗುವ ಮಾತೇ ಇಲ್ಲ.

ನೆಲ ಮೆತ್ತಗಾಗಲಿ ಎಂದು ಹಳೆಯ ಕೌದಿ ಹಾಸಿ ಅದರ ಮೇಲೆ ಹಾರುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಟೈಲ್ಸ್ ಮೇಲೆ ಕೌದಿ ಜಾರುತ್ತದೆ, ಕಾಲು ಅದರ ಮಡಿಕೆಗೆ ಸಿಕ್ಕಿಕೊಳ್ಳುತ್ತದೆ. ಸಾಕ್ಸ್ ಮಾತ್ರ ಹಾಕಿಕೊಂಡು ಮಾಡುವುದು ಅದಕ್ಕಿಂತ ಅಪಾಯ. ಬೆವರು ಹನಿದ ಟೈಲ್ಸ್ ಮೇಲೆ ಬರಿಗಾಲೂ ಜಾರುತ್ತದೆ. ಒಂದು ಒರೆಸುವ ಬಟ್ಟೆ ಪಕ್ಕದಲ್ಲಿರಲಿ. ನಾನು ರಬ್ಬರ್ ಮ್ಯಾಟ್ ಬಳಸುತ್ತೇನೆ, ಅದರ ಅಡಿಯನ್ನು ಆಗಾಗ ಒರೆಸುತ್ತೇನೆ. ಧೂಳು ಕೂತರೆ ರಬ್ಬರ್ ಸಹ ಹಿಡಿತ ಕಳೆದುಕೊಳ್ಳುತ್ತದೆ, ನಮ್ಮ ಊರಿನ ಕೆಂಧೂಳಿಗೆ ಹೇಳುವುದೇ ಬೇಡ.

ಈ ಎಲ್ಲಕ್ಕಿಂತ ಮುಖ್ಯವಾದದ್ದನ್ನು ನಾನು ಕಲಿತದ್ದು ಅವ್ವನಿಂದ. ಅವ್ವನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಕಾಯಿಲೆ ಹಳತಾದಂತೆ ಪಾದದ ನರಗಳು ದುರ್ಬಲವಾಗಿ ಸ್ಪರ್ಶ ಕಡಿಮೆಯಾಗುತ್ತದೆ. ಗಾಯವಾದರೂ ನೋವು ತಿಳಿಯುವುದಿಲ್ಲ, ರಕ್ತ ಸಂಚಾರ ಕಡಿಮೆಯಿದ್ದರೆ ಬೇಗ ಮಾಯುವುದೂ ಇಲ್ಲ. ನಮ್ಮದು ಹೊಲಿಗೆಯ ಮನೆ. ಜೀನ್ಸ್‌ನ ದಪ್ಪ ಮಡಿಕೆಗೆ ತಾಗಿ 18ನೇ ನಂಬರಿನ ದಪ್ಪ ಸೂಜಿಯೂ ಮುರಿಯುತ್ತದೆ, ಅದರ ತುದಿ ಎಲ್ಲಿಗೋ ಸಿಡಿಯುತ್ತದೆ. ಒಂದು ಸಲ ಅವ್ವನ ಹಿಮ್ಮಡಿಯಲ್ಲಿ ಅಂಥ ಒಂದು ಚೂರು ಕಂಡಿತು. ಯಾವಾಗ ಹೊಕ್ಕಿತೆಂದು ಅವರಿಗೆ ಗೊತ್ತೇ ಇರಲಿಲ್ಲ. ಸುತ್ತಲಿನ ಚರ್ಮ ಆಗಲೇ ಬೆಳ್ಳಗೆ ಮೆತ್ತಗಾಗಿತ್ತು. ಅಂದೇ ವೈದ್ಯರಿಗೆ ತೋರಿಸಿದೆವು, ಗಾಯ ಮಾಯಿತು. ಇನ್ನು ಮುಂದೆ ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು ಎಂದು ಅವರು ಕಟ್ಟುನಿಟ್ಟಾಗಿ ಹೇಳಿದರು.

ಹೊಸ್ತಿಲು ದಾಟಿ ಚಪ್ಪಲಿ ಒಳಗೆ ಬರಬಾರದೆಂದು ಜೀವನಪೂರ್ತಿ ನಡೆದುಕೊಂಡು ಬಂದವರಿಗೆ ಇದು ಸುಲಭದ ಮಾತಲ್ಲ. ನಾನು ಹೊಸ ಜೋಡಿ ತಂದು ಪೆಟ್ಟಿಗೆ ಸಮೇತ ಅವರ ಮುಂದಿಟ್ಟೆ. “ಅವ್ವಾ, ಇದು ಬೀದಿಯನ್ನೇ ಕಂಡಿಲ್ಲ, ಮುಂದೆಯೂ ಕಾಣುವುದಿಲ್ಲ” ಎಂದೆ. ತಿರುಗಿಸಿ ಅಡಿ ನೋಡಿದರು. “ಬೀದಿ ತುಳಿಯದಿದ್ದರೆ ಮೈಲಿಗೆ ಎಲ್ಲಿಂದ ಬಂತಪ್ಪ? ದೇವರ ಕೋಣೆಗೆ ಮಾತ್ರ ಬೇಡ” ಎಂದರು. ಅವರು ಪೂಜೆಗೆ ಕೂರುವ ಮುನ್ನ ನಾನು ಆ ಕೋಣೆಯನ್ನು ಗುಡಿಸಿ, ಕೋಲಿಗೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ ಎಳೆಯುತ್ತೇನೆ.

ಮನೆಯೊಳಗಿನ ಓಡಾಟಕ್ಕೆ ಅವ್ವನಿಗೆ ಹಿಂದೆ ಪಟ್ಟಿಯಿರುವ ಎಂ.ಸಿ.ಆರ್. ಚಪ್ಪಲಿ, ಅಂದರೆ ಸಣ್ಣ ರಂಧ್ರಗಳಿರುವ ಮೆತ್ತನೆಯ ರಬ್ಬರ್‌ ಚಪ್ಪಲಿ, ಇದೆ. ಪಟ್ಟಿ ಇಲ್ಲದಿದ್ದರೆ ಕಾಲಿಂದ ಕಳಚಿದ್ದೂ ತಿಳಿಯದೆ ಹೋಗಬಹುದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಎದ್ದು ಕೂರುವುದು, ಪಡಸಾಲೆಯ ಉದ್ದಕ್ಕೂ ನಡೆಯುವುದು, ಇವಕ್ಕೆ ಮುಂಭಾಗ ಅಗಲವಿರುವ ಮುಚ್ಚಿದ ಶೂ ಮತ್ತು ಎಲಾಸ್ಟಿಕ್ ಬಿಗಿಯಿಲ್ಲದ ಹತ್ತಿಯ ಸಾಕ್ಸ್. ಹಾಕುವ ಮೊದಲು ಶೂ ಒಳಗೆ ಕೈಯಾಡಿಸಿ ನೋಡುತ್ತೇವೆ. ರಾತ್ರಿ ಅವರ ಎರಡೂ ಅಂಗಾಲುಗಳನ್ನು ಬೆಳಕಿನಲ್ಲಿ ನೋಡುವುದು ನನ್ನ ಮಗಳ ಕೆಲಸ, ಅವಳು ಅದನ್ನು ತಪ್ಪಿಸುವುದಿಲ್ಲ. ಬರಿಗಾಲಿನ ಗುಣಗಳನ್ನು ನಾನೇ ಇಷ್ಟು ಹೇಳಿದ್ದರೂ ಸಕ್ಕರೆ ಕಾಯಿಲೆಯವರು ಅದಕ್ಕೆ ಮನಸೋಲಬಾರದು. ಪಾದಕ್ಕೆ ಸ್ಪರ್ಶ ಸರಿಯಾಗಿದೆಯೇ ಎಂದು ವೈದ್ಯರು ಪರೀಕ್ಷಿಸಿ ಹೇಳಲಿ.

ಬೆಳಿಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುವವರೂ ಗಟ್ಟಿ ನೆಲದ ಮೇಲೆ ಬರಿಗಾಲ ವ್ಯಾಯಾಮಕ್ಕೆ ಆತುರ ಪಡಬಾರದು. ಅಂಗಾಲಿನ ತಂತುಪಟ್ಟಿ ನೊಂದಿರುವುದರ ಸಾಮಾನ್ಯ ಲಕ್ಷಣ ಅದು. ಸದಾ ಶೂನಲ್ಲೇ ಮಾಡಿದವರು ಬರಿಗಾಲಿಗೆ ಬರುವುದಾದರೆ ಸ್ವಲ್ಪಸ್ವಲ್ಪವಾಗಿ ಬರಲಿ. ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೂ ಹೊಂದಿಕೊಳ್ಳಲು ಸಮಯ ಬೇಕು.

ನನ್ನ ಒಳಾಂಗಣದ ಶೂ ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ಕೊಂಡದ್ದು. ಬ್ಯಾಡ್ಮಿಂಟನ್ ಆಡುವವರು ಹಾಕುವಂಥದ್ದು, ಚಪ್ಪಟೆ ಅಡಿ, ನೆಲದ ಮೇಲೆ ಗೆರೆ ಬೀಳಿಸದ ರಬ್ಬರ್. ಟೈಲ್ಸ್ ಮೇಲೆ ಹಿಡಿತ ಚೆನ್ನಾಗಿದೆ, ಪಕ್ಕಕ್ಕೆ ಜಿಗಿದರೂ ಪಾದ ಹೊರಳುವುದಿಲ್ಲ. ಕೊಳ್ಳಲು ಸಂಜೆ ಹೋಗಿ, ದಿನ ಕಳೆದಂತೆ ಪಾದ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನಗಲ ಜಾಗ ಇರಲಿ. ಮಾಳಿಗೆಗೂ ಇದೇ ಜೋಡಿ. ಮೆಟ್ಟಿಲು ಮನೆಯೊಳಗಿನಿಂದಲೇ ಇದೆ, ಇಳಿದ ಮೇಲೆ ಅಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಮಿಕ್ಕ ಜೀನ್ಸ್ ಕಾಲಿನ ತುಂಡಿನಿಂದ ಅದಕ್ಕೊಂದು ಚೀಲ ಹೊಲಿದುಕೊಂಡಿದ್ದೇನೆ, ಆದರೆ ಬೆವರು ಆರುವವರೆಗೆ ಅದರಲ್ಲಿ ಹಾಕುವುದಿಲ್ಲ. ಒಣಗಿಸುವುದು ನೆರಳಿನಲ್ಲಿ. ನಮ್ಮ ಬಿಸಿಲಿಗೆ ಇಟ್ಟರೆ ಅಂಟು ಬಿಟ್ಟು ಅಡಿ ಬಾಯ್ಬಿಡುತ್ತದೆ.