ಆಸ್ಪತ್ರೆಗೆ ನೋಡಲು ಹೋಗುವಾಗ ಸೋಂಕು ಹೊತ್ತೊಯ್ಯದಿರಲು ಏನು ಮಾಡಬೇಕು?

ನೆಂಟರು ಯಾರಾದರೂ ಆಸ್ಪತ್ರೆ ಸೇರಿದರೆ ನಾವು ಮನೆಮಂದಿಯೆಲ್ಲ ಹೊರಡುತ್ತೇವೆ. ಹೋಗದಿದ್ದರೆ ಏನಂದುಕೊಳ್ತಾರೋ ಅನ್ನುವ ಅಳುಕು ಬೇರೆ. ಪ್ರೀತಿಯಿಂದಲೇ ಹೋಗುತ್ತೇವೆ, ನಿಜ. ಆದರೆ ನೆಗಡಿ, ಫ್ಲೂಗಳು ವಾರ್ಡಿನೊಳಗೆ ಹೋಗುವುದೂ ಅಲ್ಲಿಂದ ಮನೆಗೆ ಬರುವುದೂ ಎಷ್ಟೋ ಸಲ ನಮ್ಮ ಜೊತೆಯಲ್ಲೇ.

ದಕ್ಷಿಣ ಕೊರಿಯಾದಲ್ಲೂ ಮನೆಯವರೇ ಆಸ್ಪತ್ರೆಯಲ್ಲಿ ಉಳಿದು ರೋಗಿಯನ್ನು ನೋಡಿಕೊಳ್ಳುವ ರೂಢಿ ಇದೆ. 2015ರಲ್ಲಿ ಅಲ್ಲಿಗೆ ಮೆರ್ಸ್ ಎಂಬ ಉಸಿರಾಟದ ಸೋಂಕುರೋಗ ಬಂತು. ಸೋಲ್ ನಗರದ ಕಿಕ್ಕಿರಿದ ಎಮರ್ಜೆನ್ಸಿ ವಾರ್ಡೊಂದರಲ್ಲಿ ಒಬ್ಬನೇ ರೋಗಿಯಿಂದ 82 ಜನರಿಗೆ ಸೋಂಕು ತಗುಲಿತು. ಅವರಲ್ಲಿ 41 ಮಂದಿ, ಅಂದರೆ ಅರ್ಧದಷ್ಟು ಜನ, ರೋಗಿಗಳ ಜೊತೆಗೆ ಇದ್ದವರು ಅಥವಾ ನೋಡಲು ಬಂದವರು.

ಹೊರಡುವ ಮುಂಚೆ

ಗಂಟಲು ಕೆರೆತ, ಮೂಗು ಸೋರುವುದು, ಮೈ ಬಿಸಿ ಇದ್ದರೆ ಹೋಗಲೇಬೇಡಿ. ಚೆನ್ನಾಗಿದ್ದರೂ ಮಾಸ್ಕ್ ಹಾಕಿ. ಫ್ಲೂ ಇರುವವರು ಲಕ್ಷಣ ಕಾಣುವ ಒಂದು ದಿನ ಮೊದಲೇ ಅದನ್ನು ಹರಡಬಲ್ಲರು. ಮಕ್ಕಳನ್ನು ಮನೆಯಲ್ಲೇ ಬಿಡಿ.

ಹಾಸಿಗೆಯ ಹತ್ತಿರ

ಎಡವುವುದು ಜಾಸ್ತಿ ಇಲ್ಲೇ. ಮಂಚದ ಅಂಚಿನಲ್ಲಿ ಕೂರುತ್ತೇವೆ, ಕಂಬಿ ಹಿಡಿಯುತ್ತೇವೆ, ಅದೇ ಕೈಯಲ್ಲಿ ಮೂಗು ಉಜ್ಜಿಕೊಳ್ಳುತ್ತೇವೆ. ಕೆಮ್ಮಿದಾಗ ಹಾರುವ ದಪ್ಪ ಹನಿಗಳು ಹೆಚ್ಚಾಗಿ ಒಂದೆರಡು ಮೀಟರ್ ಒಳಗೇ ಬೀಳುತ್ತವೆ. ಸ್ಟೀಲು, ಪ್ಲಾಸ್ಟಿಕ್ಕಿನ ಮೇಲೆ ಫ್ಲೂ ವೈರಸ್ ಒಂದೆರಡು ದಿನ ಉಳಿಯಬಲ್ಲದು. ಸಣ್ಣ ಹನಿಗಳಂತೂ ಕಿಟಕಿ ಮುಚ್ಚಿದ ಕೋಣೆಯ ಗಾಳಿಯಲ್ಲೇ ತುಂಬ ಹೊತ್ತು ತೇಲುತ್ತವೆ.

ಹಾಗಾಗಿ ಒಳಗೆ ಹೋಗುವಾಗಲೂ ಹೊರಬರುವಾಗಲೂ ಕೈಗೆ ಸ್ಯಾನಿಟೈಸರ್ ಹಾಕಿ, 20ರಿಂದ 30 ಸೆಕೆಂಡ್ ಉಜ್ಜಿ. ಸೋಪಿನಲ್ಲಾದರೆ ಒಟ್ಟು 40ರಿಂದ 60 ಸೆಕೆಂಡ್ ಬೇಕು. ಹೆಬ್ಬೆರಳು, ಉಗುರಿನ ಸಂದು ಮರೆಯಬೇಡಿ. ಕುರ್ಚಿ ಹಾಕಿಕೊಂಡು ದೂರ ಕೂತು ಮಾತಾಡಿ. ಅಜ್ಜನಿಗೆ ಕಿವಿ ಮಂದವಿದ್ದರೆ ಮುಖಕ್ಕೆ ಮುಖ ಕೊಟ್ಟು ಬಾಗಬೇಡಿ, ಮಾಸ್ಕ್ ತೆಗೆಯದೆ ಪಕ್ಕದಿಂದ ಮಾತಾಡಿ. ಪಕ್ಕದ ಬೆಡ್ಡಿನವರನ್ನು ವಿಚಾರಿಸುವ ಆಸೆ ನಮಗೆಲ್ಲ ಇರುತ್ತದೆ, ಅಲ್ವಾ? ಅವರನ್ನೂ ದೂರದಿಂದಲೇ ವಿಚಾರಿಸಿ. ಬಾಣಂತಿ ವಾರ್ಡಿನಲ್ಲಂತೂ ಕೂಸಿಗೆ ಮುತ್ತು ಕೊಡಲೇಬೇಡಿ. ನಮಗೆ ಬರೀ ನೆಗಡಿ ಅನ್ನಿಸುವ ವೈರಸ್ಸೇ ಎಳೆಗೂಸಿನ ಶ್ವಾಸಕೋಶಕ್ಕೆ ಇಳಿದು ಉಸಿರಾಡಲು ಕಷ್ಟವಾಗಬಹುದು.

ರಾತ್ರಿ ಉಳಿಯುವವರು

ಒಬ್ಬರೇ ಉಳಿಯಿರಿ, ದಿನಕ್ಕೊಬ್ಬರಂತೆ ಬದಲಾಗುವುದು ಬೇಡ. ಚಾಪೆಯನ್ನು ಎರಡು ಮಂಚಗಳ ನಡುವಿನ ಸಂದಿನಲ್ಲಿ ಹಾಸಬೇಡಿ. ಸಿಸ್ಟರ್ ಒಪ್ಪಿದರೆ ಕಿಟಕಿ ತೆಗೆದಿಡಿ. ಕ್ಷಯದ ರೋಗಿ ಜೊತೆಗಿದ್ದರೆ ಸಾಮಾನ್ಯ ಮಾಸ್ಕ್ ಸಾಲದು, ಎನ್95 ಬೇಕು. ಅದು ಮುಖಕ್ಕೆ ಸಂದಿಲ್ಲದಂತೆ ಕೂರಬೇಕು.

ಮನೆಗೆ ಬಂದಮೇಲೆ

ಮೊದಲು ಕೈ ತೊಳೆಯಿರಿ, ಮೊಬೈಲ್ ಒರೆಸಿ. ಮುಂದಿನ ದಿನಗಳಲ್ಲಿ ಕೆಮ್ಮು ಶುರುವಾದರೆ ಮತ್ತೆ ವಾರ್ಡಿಗೆ ಹೋಗಬೇಡಿ. ಊಟದ ಕ್ಯಾರಿಯರ್ ಬೇರೆಯವರ ಕೈಲಿ ಕಳಿಸಿ, ಸಂಜೆ ವಿಡಿಯೊ ಕಾಲ್ ಮಾಡಿ.