ಎಲ್ಕ್ ಕೊಳ್ಳುವ ಮುನ್ನ ಕಿವಿಯೋಲೆ ನೋಡಿ

ಎಲ್ಕ್ ನಮ್ಮ ಕಡವೆಯ ನೆಂಟ. ಬೆಳೆದ ಗಂಡು ಮುನ್ನೂರು ಕಿಲೋ ದಾಟುತ್ತದೆ. ಅಮೆರಿಕದಲ್ಲಿ ಮಾಂಸಕ್ಕೂ ಕೊಂಬಿಗೂ ಇದನ್ನು ದನದ ಹಾಗೆ ಫಾರ್ಮ್‌ನಲ್ಲಿ ಸಾಕುತ್ತಾರೆ. ಆದರೆ ಫಾರ್ಮ್‌ನಲ್ಲೇ ಹುಟ್ಟಿದ ಮರಿಯೂ ಅಕ್ರಮವಾಗಿ ಪಡೆದ ವನ್ಯಜೀವಿಗಳ ವ್ಯಾಪಾರ ತಡೆಯುವ ಅಲ್ಲಿನ ಲೇಸಿ ಕಾಯ್ದೆಯ ಲೆಕ್ಕದಲ್ಲಿ ವನ್ಯಜೀವಿಯೇ. ಹೊಸಬರು ಎಡವುವುದು ಇಲ್ಲೇ.

ಎಲ್ಕ್ ಸಾಕಣೆ, ಸಾಗಣೆಯ ನಿಯಮಗಳು ಬಿಗಿಯಾಗಿರಲು ಮುಖ್ಯ ಕಾರಣ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಪ್ರಿಯಾನ್ (ರೂಪಗೆಟ್ಟ ಪ್ರೋಟೀನ್) ಕಾಯಿಲೆ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರವೊಂದರ ಜಿಂಕೆಗಳಲ್ಲಿ ಮೊದಲು ಕಂಡಿತು. ಲಸಿಕೆಯಿಲ್ಲ, ಮದ್ದಿಲ್ಲ, ರೋಗಕಾರಕ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸೋಂಕು ತಗಲಿದ ಪ್ರಾಣಿ ಬಹುಕಾಲ ಗಟ್ಟಿಮುಟ್ಟಾಗಿಯೇ ಕಾಣುವುದರಿಂದ ಕಣ್ಣಳತೆ ನಂಬುವಂತಿಲ್ಲ.

ಮೊದಲು, ಪ್ರಾಣಿ ಹೋಗಬೇಕಾದ ರಾಜ್ಯದಲ್ಲಿ ಅದನ್ನು ಸಾಕಬಹುದೇ ಎಂದು ಅಲ್ಲಿನ ಪಶುವೈದ್ಯಾಧಿಕಾರಿಯನ್ನು ಕೇಳಿ. ಮೊಂಟಾನಾ ರಾಜ್ಯದ ಮತದಾರರು 2000ದಲ್ಲೇ ಹೊಸ ಫಾರ್ಮ್ ಪರವಾನಗಿಗೆ ತಡೆ ಹಾಕಿದ್ದಾರೆ. ಅಂಥಲ್ಲಿಗೆ ಮುಂಗಡ ಕೊಟ್ಟರೆ ಹಣ ನೀರಲ್ಲಿ ಹೋಮ.

ಎರಡನೆಯದು, ಮಾರುವವರ ಮಂದೆಯ ದರ್ಜೆ, ಅಂದರೆ ರೋಗವಿಲ್ಲದೆ ಕಳೆದ ವರ್ಷಗಳ ಲೆಕ್ಕ. ಸಾಕುವ ಉದ್ದೇಶಕ್ಕೆ ರಾಜ್ಯದ ಗಡಿ ದಾಟಿಸಬೇಕಾದರೆ ಆ ಮಂದೆ ಈ ಕಾಯಿಲೆಗಾಗಿಯೇ ಇರುವ ಸರ್ಕಾರಿ ಪ್ರಮಾಣೀಕರಣ ಯೋಜನೆಯಲ್ಲಿ 5 ವರ್ಷ ರೋಗವಿಲ್ಲದೆ ಪೂರೈಸಿರಬೇಕು. ಹಳೆಯ ಮಂದೆಯಿರುವವರಿಗೊಂದು ಎಚ್ಚರಿಕೆ: 2 ವರ್ಷ ಮಾತ್ರ ಆಗಿರುವ ಮಂದೆಯಿಂದ ಒಂದೇ ಒಂದು ಎಲ್ಕ್ ತಂದು ಸೇರಿಸಿದರೂ ನಿಮ್ಮ ಇಡೀ ಮಂದೆ 2 ವರ್ಷದ ದರ್ಜೆಗೆ ಇಳಿಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಹೀಗೆ ಕೈ ಸುಟ್ಟುಕೊಳ್ಳಬೇಡಿ.

ಲಾರಿ ಹತ್ತಿಸುವ ಮುನ್ನ ಒಂದೊಂದೇ ಪ್ರಾಣಿಯ ಕಿವಿಯೋಲೆ, ಅಂದರೆ ಕಿವಿಗೆ ಚುಚ್ಚಿದ ಸಂಖ್ಯೆಯ ಬಿಲ್ಲೆ ನೋಡಿ. ಎರಡು ಗುರುತು ಬೇಕು: ಒಂದು ದೇಶಕ್ಕೇ ಒಂದೇ ಎನ್ನುವ ಸರ್ಕಾರಿ ಸಂಖ್ಯೆಯದು, ಇನ್ನೊಂದು ಆ ಮಂದೆಯಲ್ಲಿ ಬೇರೆಯದಕ್ಕಿಲ್ಲದ್ದು. ಬೇಲಿಗೆ ತಲೆ ಉಜ್ಜಿ ಓಲೆ ಕಿತ್ತುಹೋಗುವುದುಂಟು. ಓಲೆಯ ಸಂಖ್ಯೆಗೂ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರಕ್ಕೂ ಒಂದು ಅಂಕಿ ತಾಳೆಯಾಗದಿದ್ದರೂ ಪ್ರಾಣಿ ಹತ್ತಿಸಬೇಡಿ.

ತಂದ ಮೇಲೆ ಕನಿಷ್ಠ 8 ಅಡಿ ಬೇಲಿ. ಯೋಜನೆಯಲ್ಲಿರುವ ಮಂದೆಯಲ್ಲಿ 12 ತಿಂಗಳು ತುಂಬಿದ ಯಾವ ಪ್ರಾಣಿ ಸತ್ತರೂ ಕೂಡಲೇ ತಿಳಿಸಿ, ಮಿದುಳಬುಡ ಮತ್ತು ಗಂಟಲಿನ ದುಗ್ಧಗ್ರಂಥಿಯ ಮಾದರಿ ಕೊಡಬೇಕು. ಬೇಸಿಗೆಯಲ್ಲಿ ಹೆಣ ಎರಡು ದಿನ ಬಿಸಿಲಲ್ಲಿ ಬಿದ್ದಿದ್ದರೆ ಮಾದರಿ ಕೆಟ್ಟು ಪರೀಕ್ಷೆಗೇ ಒದಗದೆ ಹೋಗಬಹುದು. ಆಗ ದರ್ಜೆಗೆ ಕುತ್ತು.

ಇನ್ನು ಶಿಕ್ಷೆ. ಒಂದು ರಾಜ್ಯದ ಕಾನೂನು ಮುರಿದು ಪಡೆದ ಎಲ್ಕ್ ಅನ್ನು ಗಡಿ ದಾಟಿಸಿದರೆ ಲೇಸಿ ಕಾಯ್ದೆ ಕೈ ಹಾಕುತ್ತದೆ. 350 ಡಾಲರ್ ಮೀರಿದ ಬೆಲೆಯ ಪ್ರಾಣಿಯನ್ನು ಗೊತ್ತಿದ್ದೂ ಮಾರಿದರೆ, ಕೊಂಡರೆ 5 ವರ್ಷದವರೆಗೆ ಜೈಲು. ಗೊತ್ತಿರಲಿಲ್ಲ ಎಂದರೂ, ವಿಚಾರಿಸಬೇಕಿತ್ತು ಎಂದು ಕಂಡುಬಂದರೆ 1 ವರ್ಷದವರೆಗೆ. ಪ್ರಾಣಿಯ ಮುಟ್ಟುಗೋಲಿಗಂತೂ ಮಾಲೀಕನ ತಪ್ಪು ಸಾಬೀತಾಗಬೇಕೆಂದೇ ಇಲ್ಲ. ದೊಡ್ಡ ಅಪರಾಧ ರುಜುವಾತಾದರೆ ಸಾಗಿಸಿದ ವಾಹನವೂ ಹೋಗಬಹುದು.

ರೋಗ ಸಿಕ್ಕಿ ಸರ್ಕಾರವೇ ಮಂದೆಯನ್ನು ಕೊಲ್ಲಿಸಿದರೆ ಅಂದಾಜು ಬೆಲೆಯ ಶೇ 95ರವರೆಗೆ, ಒಂದಕ್ಕೆ 3,000 ಡಾಲರ್ ಮೀರದಂತೆ ಪರಿಹಾರ ಸಿಗಬಹುದು. ನಿಯಮ ಮುರಿದು ತಂದದ್ದಕ್ಕೆ ಅದೂ ಇಲ್ಲ.